3 ಕಿಲೋವಾಟ್ ಸೋಲಾರ್ ಜೊತೆಗೇ ಬ್ಯಾಟರಿಯೂ ಹಾಕಿಸಬೇಕಾ? (ಕಾಪು)

ಕಾಪು_ಹಿತ್ತಿಲು ಕೇಳಿದ್ದು:

ಮನೆ ಉಡುಪಿ ಜಿಲ್ಲೆಯ ಕಾಪುವಿನಲ್ಲಿ, ಸಮುದ್ರಕ್ಕೆ ಒಂದೂವರೆ ಕಿಲೋಮೀಟರ್. ತಾರಸಿಯ ಮೇಲೆ ಶೀಟಿನ ಮಾಡು ಉಂಟು, ಪ್ಯಾನೆಲ್ ಅದರ ಮೇಲೆಯೇ ಬರಬೇಕು. ಸಿಂಗಲ್ ಫೇಸ್. ತಿಂಗಳಿಗೆ 280ರಿಂದ 340 ಯೂನಿಟ್ ಖರ್ಚಾಗುವುದರಿಂದ ಗೃಹಜ್ಯೋತಿ ಸಿಗುವುದಿಲ್ಲ. ಈಗ ಹೋಮ್ ಇನ್ವರ್ಟರ್ ಮತ್ತು 150 ಎಎಚ್‌ನ ಒಂದು ಟ್ಯೂಬುಲರ್ ಬ್ಯಾಟರಿ ಇದೆ, ಎರಡು ವರ್ಷ ಹಳೆಯದು. ಬಾವಿಗೆ 1 ಎಚ್‌ಪಿ ಪಂಪು.

ಎರಡು ಕೊಟೇಶನ್ ಬಂದಿದೆ. 3 ಕಿಲೋವಾಟ್ ಆನ್‌ಗ್ರಿಡ್‌ಗೆ (ಬ್ಯಾಟರಿ ಇಲ್ಲದೆ ಲೈನಿಗೇ ಜೋಡಿಸುವುದು) 1.95 ಲಕ್ಷ. ಅದೇ 3 ಕಿಲೋವಾಟ್, ಹೈಬ್ರಿಡ್ ಇನ್ವರ್ಟರ್ (ಲೈನಿಗೂ ಬ್ಯಾಟರಿಗೂ ಜೋಡಿಸುವಂಥದ್ದು), 5 ಯೂನಿಟ್‌ನ ಲಿಥಿಯಂ ಬ್ಯಾಟರಿ ಸೇರಿ 3.6 ಲಕ್ಷ. ಎರಡೂ ಸಬ್ಸಿಡಿ ಕಳೆಯುವ ಮೊದಲಿನ ಲೆಕ್ಕ. ಬ್ಯಾಟರಿ ಇದ್ದರೆ ಬಿಲ್ಲು ಇನ್ನೂ ಕಡಿಮೆಯಾಗುತ್ತದೆ ಅನ್ನುತ್ತಾರೆ ಮಾರುವವರು. ನಿಜವೇ? ಮಳೆಗಾಲದ ಕರೆಂಟಿನ ಕಥೆ ನಿಮಗೆ ಗೊತ್ತೇ ಉಂಟು.

ಯೂನಿಟ್_ಲೆಕ್ಕ ಉತ್ತರಿಸಿದ್ದು:

ಬಿಲ್ಲಿನ ಮಾತು ಸುಳ್ಳು. ಆನ್‌ಗ್ರಿಡ್‌ನಲ್ಲಿ ನೆಟ್ ಮೀಟರ್ ಇರುತ್ತದೆ: ಹಗಲು ಮೆಸ್ಕಾಂಗೆ (ಇಲ್ಲಿಯ ವಿದ್ಯುತ್ ಕಂಪನಿಗೆ) ಕಳಿಸಿದ ಯೂನಿಟ್, ರಾತ್ರಿ ನೀವು ತೆಗೆದುಕೊಂಡ ಯೂನಿಟ್‌ಗೆ ವಜಾ ಆಗುತ್ತದೆ. ಅಂದರೆ ಲೈನೇ ನಿಮ್ಮ ಬ್ಯಾಟರಿ, ಅದೂ ನಷ್ಟವಿಲ್ಲದ ಬ್ಯಾಟರಿ. ಸ್ವಂತ ಬ್ಯಾಟರಿಗೆ ತುಂಬಿಸಿ ತೆಗೆದರೆ ಶೇಕಡಾ 10ರಿಂದ 15 ದಾರಿಯಲ್ಲೇ ಹೋಗುತ್ತದೆ.

ಎರಡು ಕೊಟೇಶನ್‌ಗಳ ನಡುವಿನ ವ್ಯತ್ಯಾಸ 1.65 ಲಕ್ಷ. 51.2 ವೋಲ್ಟ್, 100 ಎಎಚ್‌ನ ಲಿಥಿಯಂ ಅಂದರೆ 5.12 ಯೂನಿಟ್, ಉಪಯೋಗಕ್ಕೆ ಸಿಗುವುದು 4ರ ಆಸುಪಾಸು. ದಿನಾ ಪೂರ್ತಿ ತುಂಬಿಸಿ ಖಾಲಿ ಮಾಡಿದರೂ 10 ವರ್ಷಕ್ಕೆ 14,600 ಯೂನಿಟ್. ಯೂನಿಟ್‌ಗೆ 11 ರೂಪಾಯಿ ಬಿತ್ತು. ನೀವು ಮೆಸ್ಕಾಂಗೆ ಕೊಡುವುದು 6ರ ಹತ್ತಿರ. ಇನ್ನು ಕರೆಂಟ್ ಹೋದಾಗ ಮಾತ್ರ ಬಳಸುವುದಾದರೆ ಈ ಲೆಕ್ಕ ಹಾಕುವುದೇ ಬೇಡ.

ಸಬ್ಸಿಡಿಯೂ ಬ್ಯಾಟರಿಗೆ ಇಲ್ಲ. ಕೇಂದ್ರದ ಪಿಎಂ ಸೂರ್ಯಘರ್ ಯೋಜನೆಯಲ್ಲಿ ಮೊದಲ 2 ಕಿಲೋವಾಟ್‌ಗೆ ತಲಾ 30,000, ಮೂರನೆಯದಕ್ಕೆ 18,000, ಒಟ್ಟು 78,000. ಎರಡೂ ಕೊಟೇಶನ್‌ಗೆ ಅಷ್ಟೇ. ಪ್ಯಾನೆಲ್ ಡಿಸಿಆರ್, ಅಂದರೆ ಸೆಲ್ಲೂ ಭಾರತದಲ್ಲೇ ಮಾಡಿದ್ದಾಗಿರಬೇಕು ಎಂಬುದನ್ನು ಕೊಟೇಶನ್‌ನಲ್ಲೇ ಬರೆಸಿಕೊಳ್ಳಿ.

ಹಾಗಾಗಿ ಪ್ರಶ್ನೆ ಬಿಲ್ಲಿನದ್ದಲ್ಲ. ಕರೆಂಟ್ ಇಲ್ಲದ ಎಷ್ಟು ತಾಸು, ಯಾವ ಯಾವ ಸಾಮಾನು ನಡೆಯಬೇಕು? ಮೊದಲು ಅದನ್ನು ಚೀಟಿಯಲ್ಲಿ ಬರೆಯಿರಿ. ಉದಾಹರಣೆಗೆ: ಬಿಎಲ್‌ಡಿಸಿ (ಕಡಿಮೆ ಕರೆಂಟಿನ) ಫ್ಯಾನ್ 4, ತಲಾ 30 ವಾಟ್. ಎಲ್‌ಇಡಿ 8, ತಲಾ 9 ವಾಟ್. ವೈಫೈ 15. ಫ್ರಿಜ್ ಸರಾಸರಿ 50. ಒಟ್ಟು 257. ಹೈಬ್ರಿಡ್ ಇನ್ವರ್ಟರ್ ತಾನೇ ತಿನ್ನುವ 50 ವಾಟ್ ಸೇರಿಸಿ (ಕೊಟೇಶನ್‌ನಲ್ಲಿ ಇದನ್ನು ಯಾರೂ ಬರೆಯುವುದಿಲ್ಲ). ಆಗ ಲಿಥಿಯಂ ಸುಮಾರು 13 ತಾಸು ಬರುತ್ತದೆ. ಅದೇ ಹಳೆಯ 75 ವಾಟಿನ ಫ್ಯಾನ್ ಆದರೆ 9 ತಾಸೂ ಇಲ್ಲ. ಬ್ಯಾಟರಿಗಿಂತ ಮೊದಲು ಫ್ಯಾನ್ ಬದಲಿಸಿ ಅನ್ನುವುದು ಇದಕ್ಕೇ.

ಈಗಿನ ಟ್ಯೂಬುಲರ್ ಒಂದರಲ್ಲಿ 1.8 ಯೂನಿಟ್ ಇದ್ದರೂ ಅರ್ಧಕ್ಕಿಂತ ಕೆಳಗೆ ಇಳಿಸಿದರೆ ಆಯುಷ್ಯ ಕಡಿಮೆಯಾಗುತ್ತದೆ. ಫ್ರಿಜ್ ಬಿಟ್ಟು ಬರೀ ಲೈಟು, ಫ್ಯಾನ್, ವೈಫೈಗೆ ಮೂರೂವರೆ ತಾಸು. ನಿಮ್ಮಲ್ಲಿ ಹೆಚ್ಚಿನ ಕಡಿತ ಅಷ್ಟರೊಳಗೆ ಮುಗಿಯುತ್ತದಾದರೆ ಆನ್‌ಗ್ರಿಡ್ ಹಾಕಿ, ಹಳೆಯ ಇನ್ವರ್ಟರ್ ಇರಲಿ.

ವಯರಿಂಗ್_ಮಾತು ಉತ್ತರಿಸಿದ್ದು:

ಮೇಲಿನವರು ಹೇಳಿದ್ದು ಸರಿ. ಆದರೆ ಒಂದು ವಿಷಯ ಸ್ಪಷ್ಟ ಆಗಲಿ: ಆನ್‌ಗ್ರಿಡ್ ಹಾಕಿದರೆ ಮಟಮಟ ಮಧ್ಯಾಹ್ನವೂ ಕರೆಂಟ್ ಹೋದ ಕೂಡಲೇ ಸೋಲಾರ್ ಬಂದ್. ಅದು ದೋಷ ಅಲ್ಲ ಮಾರಾಯ್ರೆ, ಕಂಬದ ಮೇಲೆ ಕೆಲಸ ಮಾಡುವ ಲೈನ್‌ಮನ್‌ಗೆ ನಿಮ್ಮ ಮನೆಯಿಂದ ಶಾಕ್ ಹೊಡೆಯಬಾರದು ಅಂತ ಇಟ್ಟ ವ್ಯವಸ್ಥೆ.

ಹಳೆಯ ಇನ್ವರ್ಟರ್ ಉಳಿಸಿಕೊಳ್ಳುವುದಾದರೆ ಸೋಲಾರ್‌ನ ಎಸಿ ಲೈನನ್ನು ಅದರ ಇನ್‌ಪುಟ್ ಬದಿಗೆ, ಮೇನ್ ಬೋರ್ಡಿಗೇ ಕೊಡಬೇಕು. ಔಟ್‌ಪುಟ್ ಬದಿಯ ಸರ್ಕ್ಯೂಟಿಗೆ ಕೊಟ್ಟರೆ, ಕರೆಂಟ್ ಹೋದಾಗ ಸೋಲಾರ್ ಇನ್ವರ್ಟರ್ ಹೋಮ್ ಇನ್ವರ್ಟರನ್ನೇ ಲೈನ್ ಅಂತ ತಿಳಿದು ಅದರೊಳಗೆ ಕರೆಂಟ್ ನೂಕುತ್ತದೆ. ಹೋಮ್ ಇನ್ವರ್ಟರಿನ ಒಳಗಿನ ಬೋರ್ಡು ಸುಡುತ್ತದೆ.

ಹೈಬ್ರಿಡ್ ಆದರೆ ಬ್ಯಾಕಪ್‌ಗೆ ಬೇರೆಯೇ ಡಿಬಿ (ಸ್ವಿಚ್ ಪೆಟ್ಟಿಗೆ) ಬೇಕು. ಹಳೆಯ ಮನೆಗಳಲ್ಲಿ ಎರಡು ಮೂರು ಸರ್ಕ್ಯೂಟಿಗೆ ಒಂದೇ ನ್ಯೂಟ್ರಲ್ ಎಳೆದಿರುತ್ತಾರೆ. ಬ್ಯಾಕಪ್ ಫೇಸ್ ಬೇರೆ ಮಾಡಿ ನ್ಯೂಟ್ರಲ್ ಹಾಗೇ ಬಿಟ್ಟರೆ ಆರ್‌ಸಿಸಿಬಿ (ಶಾಕ್ ಹೊಡೆಯದಂತೆ ಕರೆಂಟ್ ಕಡಿಯುವ ಸ್ವಿಚ್) ಸುಮ್ಮಸುಮ್ಮನೆ ಟ್ರಿಪ್ ಆಗುತ್ತದೆ. ಆಮೇಲೆ ಯಾರೋ ಬಂದು ಆರ್‌ಸಿಸಿಬಿಯನ್ನೇ ಬೈಪಾಸ್ ಮಾಡಿ ಹೋಗುತ್ತಾರೆ. ಹಾಗೆ ಮಾಡಲು ಬಿಡಬೇಡಿ, ನ್ಯೂಟ್ರಲ್ ಬೇರೆ ಎಳೆಸಿ. ಬ್ಯಾಕಪ್‌ನಲ್ಲಿರುವಾಗ ಇನ್ವರ್ಟರ್ ನ್ಯೂಟ್ರಲನ್ನು ಅರ್ತಿಗೆ ಜೋಡಿಸುತ್ತದೋ ಇಲ್ಲವೋ ಅಂತಲೂ ಕೇಳಿ. ಇಲ್ಲದಿದ್ದರೆ ಲೈನ್ ಇಲ್ಲದ ಹೊತ್ತಿನಲ್ಲಿ ಆರ್‌ಸಿಸಿಬಿ ಇದ್ದೂ ಇಲ್ಲದ ಹಾಗೆ.

ಅರ್ತಿಂಗ್ ನಮ್ಮ ಮುರಕಲ್ಲಿನ ನೆಲದಲ್ಲಿ ಸುಲಭ ಅಲ್ಲ. ಮಳೆಗಾಲದಲ್ಲಿ ಅಳೆದರೆ ಚಂದ ಕಾಣುತ್ತದೆ, ಏಪ್ರಿಲ್‌ನಲ್ಲಿ ನೆಲ ಒಣಗಿದಾಗ ಓಮ್ (ಕರೆಂಟಿಗೆ ನೆಲದ ತಡೆ) ಏರಿರುತ್ತದೆ, ಸಿಡಿಲು ಬರುವುದೂ ಆಗಲೇ. ಡಿಸಿ (ಪ್ಯಾನೆಲ್ ಬದಿ), ಎಸಿ (ಮನೆ ಬದಿ), ಸಿಡಿಲು ಕಂಬಿ ಮೂರಕ್ಕೂ ಬೇರೆ ಬೇರೆ ಗುಂಡಿ, ಬೆಂಟೊನೈಟ್ (ತೇವ ಹಿಡಿದಿಡುವ ಜೇಡಿ) ತುಂಬಿಸಿ, ಬೇಸಿಗೆಯಲ್ಲಿ ಅಳೆದು 5 ಓಮ್ ಒಳಗೆ ತರಬೇಕು. ಡಿಸಿ ಮತ್ತು ಎಸಿ ಎರಡೂ ಬದಿಗೆ ಎಸ್‌ಪಿಡಿ (ಸಿಡಿಲಿನ ಹೊಡೆತ ತಡೆಯುವ ಸಾಧನ) ಬೇಕು.

ಕಾಪು_ಹಿತ್ತಿಲು:

ಇಬ್ಬರಿಗೂ ಧನ್ಯವಾದ. ಸಣ್ಣ ಕಡಿತ ದೊಡ್ಡ ತಲೆನೋವಲ್ಲ. ಗಾಳಿಮಳೆಗೆ ಮರ ಬಿದ್ದು ಎಚ್‌ಟಿ (ಹೈಟೆನ್ಶನ್) ಲೈನ್ ತುಂಡಾದರೆ ಒಂದೆರಡು ದಿನ ಹಾಗೇ ಇರುತ್ತದಲ್ಲ, ಅದಕ್ಕೆ ಕೇಳಿದ್ದು. ಮನೆಯಲ್ಲಿ ವಯಸ್ಸಾದವರಿದ್ದಾರೆ, ಇನ್ಸುಲಿನ್ ಫ್ರಿಜ್‌ನಲ್ಲಿರುತ್ತದೆ. ಪಂಪೂ ಬ್ಯಾಕಪ್‌ನಲ್ಲಿ ಬರುತ್ತದಾ?

ಆಷಾಢದ_ಬಿಸಿಲು ಉತ್ತರಿಸಿದ್ದು:

ಹಾಗಾದರೆ ನಿಮಗೆ ಹೈಬ್ರಿಡ್‌ಗೆ ಕಾರಣ ಉಂಟು. ಹೋಮ್ ಇನ್ವರ್ಟರ್ ಖಾಲಿಯಾದರೆ ಕರೆಂಟ್ ಬರುವ ತನಕ ಖಾಲಿಯೇ; ಹೈಬ್ರಿಡ್ ಆದರೆ ಲೈನ್ ಇಲ್ಲದಿದ್ದರೂ ಬಿಸಿಲಿನಿಂದ ತುಂಬುತ್ತದೆ. ಆದರೆ ಎಷ್ಟು? 3 ಕಿಲೋವಾಟ್ ಬೇಸಿಗೆಯಲ್ಲಿ ದಿನಕ್ಕೆ 12 ಯೂನಿಟ್ ಕೊಡುವುದು ಜುಲೈಯಲ್ಲಿ ಅರ್ಧವೂ ಇಲ್ಲ, ಕಪ್ಪು ಮೋಡ ಕವಿದು ಬಿಡದೆ ಹೊಯ್ಯುವ ದಿನ 2–3 ಯೂನಿಟ್. ಮೇಲಿನ 307 ವಾಟಿನ ಪಟ್ಟಿಗೆ ದಿನಕ್ಕೆ 7 ಯೂನಿಟ್ ಬೇಕು. ಅಂಥ ದಿನ ಫ್ರಿಜ್, ಎರಡು ಫ್ಯಾನ್, ನಾಲ್ಕು ಲೈಟು ಅಂತ ಕಡಿತ ಮಾಡಿಕೊಂಡರೆ ಬ್ಯಾಟರಿ ಸೇರಿ ಎರಡು ದಿನ ದಾಟಬಹುದು. ಟಿವಿ, ಮಿಕ್ಸಿ ಬೇಡ. ಗೀಸರ್, ಇಂಡಕ್ಷನ್ ಆ ಡಿಬಿಯ ಹತ್ತಿರವೂ ಸುಳಿಯಬಾರದು.

ಇಲ್ಲಿ ಜನ ತಪ್ಪುವುದು ಸೆಟ್ಟಿಂಗ್‌ನಲ್ಲಿ. ದಿನಾ ರಾತ್ರಿ ಬ್ಯಾಟರಿ ಬಳಸುವ ಹಾಗೆ ಇಟ್ಟುಹೋಗಿರುತ್ತಾರೆ. ಬೆಳಗಿನ ಜಾವ ಗಾಳಿಗೆ ಲೈನ್ ಹೋದಾಗ ಬ್ಯಾಟರಿಯಲ್ಲಿ ಶೇಕಡಾ 15 ಉಳಿದಿರುತ್ತದೆ. ಜೂನ್‌ನಿಂದ ಸೆಪ್ಟೆಂಬರ್ ತನಕ ಲೈನಿನಿಂದಲೂ ಚಾರ್ಜ್ ಆಗುವ ಹಾಗೆ ಇಡಿ, ಶೇಕಡಾ 80ಕ್ಕಿಂತ ಕೆಳಗೆ ಇಳಿಯದ ಹಾಗೆ ರಿಸರ್ವ್ ಕೊಡಿ, ರೆಡ್ ಅಲರ್ಟ್ ಬಂದರೆ 100 ಮಾಡಿ. ಬೇಸಿಗೆಯಲ್ಲಿ ರಿಸರ್ವ್ 50 ಸಾಕು. ಎರಡು ವಾರಕ್ಕೊಮ್ಮೆ ಪೂರ್ತಿ ತುಂಬಲಿ, ಸೆಲ್‌ಗಳು ಸಮ ಆಗುತ್ತವೆ.

ಬ್ಯಾಟರಿಯಿಂದ ಇನ್ವರ್ಟರಿಗೆ ಬಿಎಂಎಸ್ (ಬ್ಯಾಟರಿಯೊಳಗಿನ ಕಾವಲು ಸರ್ಕ್ಯೂಟ್) ಕೇಬಲ್ ಹಾಕಿದ್ದಾರಾ, ಮೆನುವಿನಲ್ಲಿ ಸರಿಯಾದ ಬ್ಯಾಟರಿ ಆರಿಸಿದ್ದಾರಾ ನೋಡಿ. ಲಿಥಿಯಂ ಫಾಸ್ಫೇಟ್‌ನ ವೋಲ್ಟೇಜ್ ಬಹುಪಾಲು ಒಂದೇ ಮಟ್ಟದಲ್ಲಿರುವ ಕಾರಣ ಬರೀ ವೋಲ್ಟೇಜ್ ನೋಡಿ ನಡೆಸಿದರೆ ಶೇಕಡಾ 60 ತೋರಿಸುತ್ತಿದ್ದದ್ದು ಒಮ್ಮೆಲೇ ಆಫ್ ಆಗುತ್ತದೆ.

ಪಂಪು ಬೇಡ. 1 ಎಚ್‌ಪಿ ನಡೆಯುವಾಗ ಸಾವಿರ ಚಿಲ್ಲರೆ ವಾಟ್, ಶುರುವಾಗುವ ಕ್ಷಣ ಅದರ ಐದಾರು ಪಟ್ಟು. 3 ಕಿಲೋವಾಟ್ ಇನ್ವರ್ಟರ್ ಅಲ್ಲೇ ಟ್ರಿಪ್ ಆಗಬಹುದು, 50 ಆಂಪಿಯರ್ ಮಿತಿಯ ಬ್ಯಾಟರಿಯಾದರೆ ಬಿಎಂಎಸ್ ಕೂಡ ಕೈ ಎತ್ತುತ್ತದೆ. ಮೋಡ ಕಂಡಾಗ ಟ್ಯಾಂಕಿ ತುಂಬಿಸಿಡುವುದು ಸಾವಿರ ಲೀಟರಿನ ಬ್ಯಾಟರಿ ಇದ್ದ ಹಾಗೆ.

ವಯರಿಂಗ್_ಮಾತು:

ಸಮುದ್ರ ಹತ್ತಿರ ಅಂದಿರಿ, ಅದಕ್ಕೆ ಇನ್ನೊಂದು. ಬ್ಯಾಟರಿ, ಇನ್ವರ್ಟರ್ ಎರಡನ್ನೂ ಶೀಟಿನ ಮಾಡಿನ ಕೆಳಗೆ ತಾರಸಿಯಲ್ಲಿ ಇಡಿಸಬೇಡಿ. ಬೇಸಿಗೆಯ ಸೆಕೆಯೂ ಉಪ್ಪುಗಾಳಿಯೂ ಅಲ್ಲೇ ಜಾಸ್ತಿ. ಒಳಗೆ ಮೆಟ್ಟಿಲ ಕೆಳಗೆ, ನೆಲದಿಂದ ಒಂದಡಿ ಮೇಲೆ ಗಾಳಿಯಾಡುವ ಜಾಗ ಸಾಕು. ಪ್ಯಾನೆಲ್‌ಗೆ ಐಇಸಿ 61701 ಉಪ್ಪುಗಾಳಿ ಪರೀಕ್ಷೆಯ ಸರ್ಟಿಫಿಕೇಟ್ ಕೇಳಿ, ಬೋಲ್ಟು ಎಸ್‌ಎಸ್ 316 (ತುಕ್ಕು ತಡೆಯುವ ಸ್ಟೀಲ್) ಆಗಲಿ. ಶೀಟಿನ ತೂತುಗಳಿಗೆ ಇಪಿಡಿಎಂ (ರಬ್ಬರ್) ವಾಷರ್ ಇಲ್ಲದಿದ್ದರೆ ಮೊದಲ ಮಳೆಗೇ ಸೋರುತ್ತದೆ. ತೆಂಗಿನ ಮಡಲಿನ ನೆರಳು ಎಷ್ಟು ಹೊತ್ತಿಗೆ ಎಲ್ಲಿ ಬೀಳುತ್ತದೆ ಅಂತ ಡಿಸೆಂಬರ್‌ನ ಬಿಸಿಲಿಗೂ ಲೆಕ್ಕ ಹಾಕಿ, ಆಗ ಸೂರ್ಯ ದಕ್ಷಿಣಕ್ಕೆ ವಾಲಿರುತ್ತಾನೆ.

ಯೂನಿಟ್_ಲೆಕ್ಕ:

ಇನ್ಸುಲಿನ್ ವಿಷಯ ಬಂದ ಮೇಲೆ ನನ್ನ ಸಲಹೆಯೂ ಬದಲಾಯಿತು: ಹೈಬ್ರಿಡ್ ಇನ್ವರ್ಟರ್ ಈಗಲೇ ಹಾಕಿಸಿ. ಕೈಯಲ್ಲಿ ದುಡ್ಡು ಬಿಗಿ ಇದ್ದರೆ ಬ್ಯಾಟರಿ ಮೇ ತಿಂಗಳಿಗೆ ಸಾಕು, ಅಲ್ಲಿಯತನಕ ಹೈಬ್ರಿಡ್ ಆನ್‌ಗ್ರಿಡ್‌ನಂತೆ ನಡೆಯುತ್ತದೆ, ಕರೆಂಟ್ ಹೋದಾಗಿನ ಕೆಲಸ ಹಳೆಯ ಇನ್ವರ್ಟರ್ ನೋಡಿಕೊಳ್ಳುತ್ತದೆ. ಆದರೆ ಬ್ಯಾಟರಿ ಇಲ್ಲದೆ ಸ್ಟಾರ್ಟ್ ಆಗುತ್ತದಾ, ಯಾವ ಯಾವ ಬ್ಯಾಟರಿಗೆ ಹೊಂದುತ್ತದೆ, ಅದು 48 ವೋಲ್ಟಿನದ್ದಾ ಹೈವೋಲ್ಟೇಜಿನದ್ದಾ, ಈ ಮೂರನ್ನು ಕಂಪನಿಯ ಪಟ್ಟಿ ನೋಡಿಯೇ ಒಪ್ಪಿಕೊಳ್ಳಿ. ಮೆಸ್ಕಾಂ ಅರ್ಜಿಯಲ್ಲೂ ಮೊದಲೇ ಹೈಬ್ರಿಡ್ ಮಾಡೆಲ್ಲನ್ನೇ ಬರೆಸಿ.