ವೈನ್ ಕುಡಿದರೆ ಫುಡ್ ಪಾಯ್ಸನ್ ಆಗುವುದಿಲ್ಲವೇ? ವೈದ್ಯರಿಗೆ ಪ್ರಶ್ನೆಗಳು

ಸದಸ್ಯ, ತಿಕೋಟಾ: ಡಾಕ್ಟರ್ ಸಾಹೇಬರೇ, ಊಟದ ಜೊತೆ ಒಂದು ಲೋಟ ಕೆಂಪು ವೈನ್ ಕುಡಿದರೆ ಫುಡ್ ಪಾಯ್ಸನ್ ಆಗುವುದಿಲ್ಲ ಎಂಬ ಸಂದೇಶ ಹರಿದಾಡುತ್ತಿದೆ. ನಿಜವೇ?

ವೈದ್ಯರು: ಪ್ರಯೋಗಾಲಯದಲ್ಲಿ ವೈನ್ ಸಾಲ್ಮೊನೆಲ್ಲಾ, ಇ. ಕೋಲೈ ಬ್ಯಾಕ್ಟೀರಿಯಾಗಳನ್ನು ಕೊಲ್ಲುವುದು ನಿಜ. ಅದರ ಹುಳಿ, ಆಲ್ಕೋಹಾಲ್ ಎರಡೂ ಸೇರಿ ಆ ಕೆಲಸ ಮಾಡುತ್ತವೆ. ಹೊಟ್ಟೆಯಲ್ಲಿ ಅನ್ನ, ಸಾರು, ನೀರು ಬೆರೆತು ಆ ಕಸುವು ತಗ್ಗುತ್ತದೆ. ಕೆಟ್ಟ ಖವಾದಲ್ಲಿ ಸ್ಟ್ಯಾಫಿಲೋಕಾಕಸ್ ಎಂಬ ಬ್ಯಾಕ್ಟೀರಿಯಾ ಬಿಟ್ಟ ವಿಷ ಕುದಿಸಿದರೂ ಹೋಗುವುದಿಲ್ಲ, ವೈನ್‌ಗೆ ಹೋದೀತೇ?

ಸದಸ್ಯೆ, ಬಾಗಲಕೋಟೆ: ಬ್ರಾಂಡಿ ಆದರೆ?

ವೈದ್ಯರು: ಅದೇ ಉತ್ತರ.

ಸದಸ್ಯ, ಇಂಡಿ: ತಂದೆಗೆ 68 ವರ್ಷ. ಸಕ್ಕರೆ ಕಾಯಿಲೆಗೆ ಮೆಟ್‌ಫಾರ್ಮಿನ್, ಬಿಪಿಗೂ ಮಾತ್ರೆ ಇದೆ. ನಿನ್ನೆ ಮದುವೆ ಊಟದ ಮೇಲೆ ವಾಂತಿಭೇದಿ. ಈ ಸಂದೇಶ ನಂಬಿ ಕಾಕಾ ರಾತ್ರಿ ವೈನ್ ಕುಡಿಸಿದರು. ಬೆಳಿಗ್ಗೆಯಿಂದ ಮೂತ್ರವಾಗಿಲ್ಲ, ಮಂಪರಿನಲ್ಲಿದ್ದಾರೆ.

ವೈದ್ಯರು: ಈಗಲೇ 108ಕ್ಕೆ ಕರೆ ಮಾಡಿ. ಮೈಯ ನೀರು ಹೋಗಿ ಮೂತ್ರಪಿಂಡಕ್ಕೆ ರಕ್ತ ಸಾಲದಾಗಿರಬಹುದು. ಮೂತ್ರಪಿಂಡ ಸೋತರೆ ಮೆಟ್‌ಫಾರ್ಮಿನ್ ದೇಹದಲ್ಲೇ ಉಳಿದು ರಕ್ತದಲ್ಲಿ ಲ್ಯಾಕ್ಟಿಕ್ ಆಮ್ಲ ಏರುವ ಅಪಾಯವಿದೆ. ಮದ್ಯ ಆ ಅಪಾಯವನ್ನು ಹೆಚ್ಚಿಸುತ್ತದೆ. ಕೆಲವು ಬಿಪಿ ಮಾತ್ರೆಗಳೂ ಇಂಥ ಹೊತ್ತಿನಲ್ಲಿ ಮೂತ್ರಪಿಂಡಕ್ಕೆ ಹೊರೆ. ಆಸ್ಪತ್ರೆಯವರು ನೋಡುವವರೆಗೆ ಯಾವ ಮಾತ್ರೆಯೂ ಬೇಡ. ಮಂಪರಿನಲ್ಲಿರುವವರ ಬಾಯಿಗೆ ನೀರನ್ನೂ ಹಾಕಬೇಡಿ, ಶ್ವಾಸಕೋಶಕ್ಕೆ ಇಳಿಯಬಹುದು. ಒಂದು ಮಗ್ಗುಲಿಗೆ ಮಲಗಿಸಿ. ವೈನ್ ಕುಡಿಸಿದ್ದನ್ನು ಅಲ್ಲಿ ಮುಚ್ಚಿಡಬೇಡಿ.

ದ್ರಾಕ್ಷಿ ಬೆಳೆಗಾರ: ವೈನನ್ನು ವಿಷವೆಂಬಂತೆ ಹೇಳಬೇಡಿ. ವಿಜಯಪುರದ ಎಷ್ಟೋ ಮನೆಗಳು ದ್ರಾಕ್ಷಿಯಿಂದ ಬದುಕಿವೆ.

ಶಿಕ್ಷಕ, ಬಸವನ ಬಾಗೇವಾಡಿ: ಒಣದ್ರಾಕ್ಷಿಯಿಂದ ಬದುಕಿವೆ ಅಣ್ಣಾ. ಬಸವಣ್ಣನವರ ಊರಿನ ಕಡೆ ಮದ್ಯಕ್ಕೆ ಔಷಧದ ಹೆಸರು ಕೊಡಬೇಡಿ.

ದ್ರಾಕ್ಷಿ ಬೆಳೆಗಾರ: ನಿಮಗೆ ತಿಂಗಳ ಸಂಬಳ ಬರುತ್ತದೆ. ಆಲಿಕಲ್ಲು ಬಿದ್ದ ಮರುದಿನ ನಮ್ಮ ತೋಟಕ್ಕೆ ಬಂದು ಈ ಮಾತು ಹೇಳಿ.

ಗೃಹಿಣಿ, ಗೋಕಾಕ: ಹೋಳಿಗೆಯ ಹೂರಣ ಮರುದಿನಕ್ಕೆ ಇಡಬಹುದೇ?

ಶಿಕ್ಷಕ: ತೋಟದ ಮಾತು ಯಾರು ಎತ್ತಿದರು? ಓದಿ ಉತ್ತರಿಸಿ.

ಸದಸ್ಯ, ಜಮಖಂಡಿ: ವಿದೇಶಿ ವೈದ್ಯರೇ ವೈನ್ ಒಳ್ಳೆಯದು ಎಂದಿದ್ದಾರಲ್ಲ?

ವೈದ್ಯರು: ಮೇಲೆ ಬರೆದಿದ್ದೇನೆ. ಆ ಸಂದೇಶವನ್ನು ಇಲ್ಲಿ ಇನ್ನೊಮ್ಮೆ ಹಾಕಬೇಡಿ. ಒಬ್ಬರ ಜೀವ ಅಪಾಯದಲ್ಲಿದೆ. ಭೇದಿಯಾದರೆ ಓಆರ್‌ಎಸ್ ಕೊಡಿ. ಪೊಟ್ಟಣ ಸಿಗದಿದ್ದರೆ ಒಂದು ಲೀಟರ್ ಶುದ್ಧ ನೀರಿಗೆ ಮಟ್ಟ ಮಾಡಿದ 6 ಚಹಾ ಚಮಚ ಸಕ್ಕರೆ, ಅರ್ಧ ಚಹಾ ಚಮಚ ಉಪ್ಪು.

ದ್ರಾಕ್ಷಿ ಬೆಳೆಗಾರ: ಶಿಕ್ಷಕರು ಕ್ಷಮೆ ಕೇಳಲಿ.

ವೈದ್ಯರು: ಇಬ್ಬರೂ ನಿಲ್ಲಿಸಿ. ಇಂಡಿಯವರೇ, ಆಂಬುಲೆನ್ಸ್ ಬಂದಿತೇ?

ಸದಸ್ಯ, ಇಂಡಿ: ಬಂದಿದೆ. ಹೊರಡುತ್ತಿದ್ದೇವೆ.

ವೈದ್ಯರು: ಮಾತ್ರೆಗಳ ಚೀಟಿ ಜೊತೆಗಿರಲಿ.