ವಂಶವೃಕ್ಷದ ಫೈಲನ್ನು ಹೊಸ ಕಂಪ್ಯೂಟರಿಗೆ ತಂದಾಗ ಕನ್ನಡ ಹೆಸರುಗಳು ಹೋಗಿವೆ: ಏನು ಮಾಡಬೇಕು?

ಪ್ರಶ್ನೆ (ಧಾರವಾಡ)

ಎಲ್ಲರಿಗೂ ನಮಸ್ಕಾರ. ನಮ್ಮ ತಂದೆಯವರು ನಿವೃತ್ತಿಯ ನಂತರ ವರ್ಷಗಟ್ಟಲೆ ಕೂತು, ನಮ್ಮ ಮನೆತನದ ಆರು ತಲೆಮಾರುಗಳ 412 ಜನರ ವಿವರಗಳನ್ನು ಒಂದು ಹಳೆಯ ತಂತ್ರಾಂಶದಲ್ಲಿ ತುಂಬಿದ್ದರು. ಊರಿಗೆ ಬರುತ್ತಿದ್ದ, ಮನೆತನಗಳ ವಂಶಾವಳಿ ಹೇಳುವ ಹೆಳವರು ಹೇಳಿದ ಹೆಸರುಗಳನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡು ಬಂದು, ಒಂದೊಂದನ್ನೂ ಕನ್ನಡದಲ್ಲಿಯೇ ಟೈಪ್ ಮಾಡಿದ್ದರು. ತಂದೆಯವರು ಈಗ ಇಲ್ಲ. ಆ ಕಂಪ್ಯೂಟರೂ ಇಂದೋ ನಾಳೆಯೋ ಎನ್ನುವಂತಿದೆ. ಅಲ್ಲಿಂದ ಜೆಡ್‌ಕಾಮ್ (GEDCOM, ವಂಶವೃಕ್ಷದ ವಿವರಗಳನ್ನು ಒಂದು ತಂತ್ರಾಂಶದಿಂದ ಇನ್ನೊಂದಕ್ಕೆ ಒಯ್ಯುವ) ಫೈಲು ತೆಗೆದು ಹೊಸ ಲ್ಯಾಪ್‌ಟಾಪಿನಲ್ಲಿ ಗ್ರಾಂಪ್ಸ್ (Gramps) ಎಂಬ ವಂಶವೃಕ್ಷದ ತಂತ್ರಾಂಶದಲ್ಲಿ ತೆರೆದೆ. ಯಾರು ಯಾರ ಮಕ್ಕಳು ಎಂಬುದು ಸರಿಯಾಗಿ ಬಂದಿದೆ, ಆದರೆ ಹೆಸರಿರಬೇಕಾದ ಕಡೆಯಲ್ಲೆಲ್ಲ ಬರೀ ಪ್ರಶ್ನಾರ್ಥಕ ಚಿಹ್ನೆಗಳಿವೆ. ಮುತ್ತಜ್ಜನ ಫೋಟೊ ಸೇರಿದಂತೆ ಒಂದು ಚಿತ್ರವೂ ಬಂದಿಲ್ಲ. ಮತ್ತೆ ಟೈಪ್ ಮಾಡುವುದೊಂದೇ ದಾರಿಯೇ?

ಉತ್ತರ 1 (ಗದಗ)

ಅಕ್ಕನವರೇ, ಮತ್ತೆ ಟೈಪ್ ಮಾಡಬೇಡಿ, ಹಳೆಯ ಕಂಪ್ಯೂಟರನ್ನು ಯಾರಿಗೂ ಕೊಡಲೂಬೇಡಿ. ಪ್ರಶ್ನಾರ್ಥಕ ಚಿಹ್ನೆ ಬಂದಿದೆ ಎಂದರೆ ಫೈಲು ಹೊರತೆಗೆಯುವಾಗಲೇ ಅಕ್ಷರಗಳು ಕಳೆದುಹೋಗಿವೆ ಎಂದರ್ಥ; ಈಗಿರುವ ಫೈಲನ್ನು ಎಷ್ಟು ತಿದ್ದಿದರೂ ಅವು ಮರಳುವುದಿಲ್ಲ. ಆನ್ಸಿ, ಆನ್ಸೆಲ್ ಎಂಬ ಹಳೆಯ ಅಕ್ಷರ ಸಂಕೇತಗಳಲ್ಲಿ ಕನ್ನಡಕ್ಕೆ ಜಾಗವೇ ಇಲ್ಲ. ಹಳೆಯ ತಂತ್ರಾಂಶದ ಎಕ್ಸ್‌ಪೋರ್ಟ್ ಕಿಟಕಿಯಲ್ಲಿ ಕನ್ನಡಕ್ಕೂ ಜಾಗವಿರುವ ಯುಟಿಎಫ್-8 (UTF-8) ಎಂಬ ಸಂಕೇತದ ಆಯ್ಕೆ ಇದ್ದರೆ ಅದನ್ನು ಆರಿಸಿ ಹೊಸದಾಗಿ ಫೈಲು ತೆಗೆಯಿರಿ. ಜೆಡ್‌ಕಾಮ್ ಎಂಬುದು ಸಾದಾ ಪಠ್ಯದ ಫೈಲು, ಆದ್ದರಿಂದ ನೋಟ್‌ಪ್ಯಾಡಿನಲ್ಲಿ ತೆರೆದು ಮೊದಲ ಕೆಲವು ಸಾಲುಗಳಲ್ಲಿ ಸಿಎಚ್‌ಎಆರ್ (CHAR) ಎಂಬುದರ ಮುಂದೆ ಏನಿದೆ ಎಂದು ನೋಡಿದರೆ ಅಕ್ಷರ ಸಂಕೇತ ಯಾವುದೆಂದು ತಿಳಿಯುತ್ತದೆ.

ಚಿಹ್ನೆಗಳ ಬದಲು ಅರ್ಥವಿಲ್ಲದ ರೋಮನ್ ಅಕ್ಷರಗಳು ಕಂಡರೆ ಗಾಬರಿಯಾಗಬೇಡಿ. ಅದು ನುಡಿ ಅಥವಾ ಬರಹ ಎಂಬ ಕನ್ನಡ ಟೈಪಿಂಗ್ ತಂತ್ರಾಂಶದ ಹಳೆಯ ಫಾಂಟಿನಲ್ಲಿ ಟೈಪಿಸಿದ್ದಿರಬಹುದು, ಹಾಗಿದ್ದರೆ ಅದನ್ನು ಈಗಿನ ಯುನಿಕೋಡ್ ಕನ್ನಡಕ್ಕೆ ಪರಿವರ್ತಿಸಬಹುದು. ಆದರೆ ಇಡೀ ಫೈಲನ್ನು ಪರಿವರ್ತಕಕ್ಕೆ ಹಾಕಿದರೆ ವ್ಯಕ್ತಿ, ಕುಟುಂಬ ಎಂದು ಸೂಚಿಸುವ ಇಂಗ್ಲಿಷ್ ಗುರುತುಗಳೂ ಕನ್ನಡವಾಗಿ ಕೆಟ್ಟು, ಯಾವ ತಂತ್ರಾಂಶವೂ ಅದನ್ನು ಓದದಂತಾಗುತ್ತದೆ. ಹೆಸರಿನ ಭಾಗವನ್ನಷ್ಟೇ ಪರಿವರ್ತಿಸಬೇಕು.

ಫೋಟೊಗಳ ವಿಷಯ ಬೇರೆ. ಹಳೆಯ ಜೆಡ್‌ಕಾಮ್‌ನಲ್ಲಿ ಸಾಮಾನ್ಯವಾಗಿ ಚಿತ್ರ ಇರುವುದಿಲ್ಲ, ಅದು ಯಾವ ಫೋಲ್ಡರಿನಲ್ಲಿದೆ ಎಂಬ ವಿಳಾಸ ಮಾತ್ರ ಇರುತ್ತದೆ. ಆ ಫೋಲ್ಡರನ್ನೇ ಪೆನ್‌ಡ್ರೈವಿನಲ್ಲಿ ತಂದು, ಗ್ರಾಂಪ್ಸ್‌ನಲ್ಲಿ ಹೊಸ ವಿಳಾಸ ಕೊಡಿ. 2021ರಲ್ಲಿ ಬಂದ ಜೆಡ್‌ಕಾಮ್ 7.0 ಆವೃತ್ತಿಯಲ್ಲಿ ಯುಟಿಎಫ್-8 ಕಡ್ಡಾಯವಾಗಿದೆ ಮತ್ತು ಚಿತ್ರಗಳನ್ನೂ ಒಂದೇ ಗಂಟಿನಲ್ಲಿ ಕಟ್ಟುವ ವ್ಯವಸ್ಥೆ ಇದೆ, ಆದರೆ ನಿಮ್ಮ ಹಳೆಯ ತಂತ್ರಾಂಶಕ್ಕೆ ಅದು ಗೊತ್ತಿರಲಾರದು.

ಉತ್ತರ 2 (ಹಾವೇರಿ)

ಹೆಸರುಗಳು ಬಂದ ಮೇಲೆ ಸಂಬಂಧಗಳನ್ನೂ ದಯವಿಟ್ಟು ಪರಿಶೀಲಿಸಿ. ನಮ್ಮ ಅಜ್ಜ ಸವಣೂರಿನ ಮನೆಗೆ ದತ್ತು ಹೋದವರು. ವರ್ಗಾವಣೆಯಾದ ಮೇಲೆ ಅವರು ಎರಡೂ ಮನೆಗಳಲ್ಲಿ ಹೆತ್ತ ಮಗನೆಂದೇ ದಾಖಲಾಗಿದ್ದರು, ಆರು ತಿಂಗಳ ತನಕ ನಾನು ಗಮನಿಸಿರಲಿಲ್ಲ. ಅಕ್ಕನ ಮಗಳನ್ನು ತಂದುಕೊಂಡ ಮನೆಗಳಲ್ಲಿ ಒಬ್ಬರೇ ನಕ್ಷೆಯ ಎರಡು ಕಡೆ ಕಾಣಿಸುತ್ತಾರೆ. ಅದು ತಪ್ಪಲ್ಲ; ಗುರುತಿನ ಸಂಖ್ಯೆ ಒಂದೇ ಆಗಿದ್ದರೆ ಅವರನ್ನು ಅಳಿಸಬೇಡಿ.

ಇನ್ನು ತಾರೀಖು. ಹಿರಿಯರು ಪ್ರಭವ ಸಂವತ್ಸರ ಎಂದಷ್ಟೇ ಹೇಳಿದ್ದರೆ ಅದು 1927-28 ಆಗಿರಬಹುದು, ಅರುವತ್ತು ವರ್ಷ ಹಿಂದಿನದೂ ಆಗಿರಬಹುದು. ಅವರು ಹೇಳಿದ ಮಾತನ್ನು ಹಾಗೆಯೇ ಟಿಪ್ಪಣಿಯಲ್ಲಿ ಉಳಿಸಿ, ಇಸವಿಯನ್ನು ಅಂದಾಜು ಎಂದು ನಮೂದಿಸಿ.

ಪ್ರಶ್ನೆ ಕೇಳಿದವರಿಂದ (ಧಾರವಾಡ)

ಇಬ್ಬರಿಗೂ ಮನಃಪೂರ್ವಕ ಧನ್ಯವಾದಗಳು. ಯುಟಿಎಫ್-8 ಆಯ್ಕೆ ಕೆಳಗಿನ ಪಟ್ಟಿಯಲ್ಲಿಯೇ ಇತ್ತು, ನಾನು ನೋಡಿರಲಿಲ್ಲ. 412 ಹೆಸರುಗಳೂ ಕನ್ನಡದಲ್ಲಿ ಬಂದಿವೆ. ಫೋಟೊಗಳಲ್ಲಿ ಮೂರು ಇನ್ನೂ ತೆರೆಯುತ್ತಿಲ್ಲ. ಅವುಗಳ ಹೆಸರನ್ನು ತಂದೆಯವರು ನಡುವೆ ಬದಲಿಸಿದ್ದರು ಎಂದು ತೋರುತ್ತದೆ, ಒಂದೊಂದಾಗಿ ಹುಡುಕುತ್ತಿದ್ದೇನೆ. ದತ್ತು ಹೋದವರು ನಮ್ಮಲ್ಲೂ ಇಬ್ಬರಿದ್ದಾರೆ. ನೋಟ್‌ಬುಕ್ಕನ್ನು ಪಕ್ಕದಲ್ಲಿಟ್ಟುಕೊಂಡು ಈ ವಾರ ಅವರ ದಾಖಲೆಗಳನ್ನೇ ಮೊದಲು ನೋಡುತ್ತೇನೆ.