ವಿಡಿಯೋ ನೋಡಿ ಬೋರ್‌ವೆಲ್ ಮುಚ್ಚಿಸೋಕೆ ಹೊರಟೋರಿಗೆ

ಎಲ್ರಿಗೂ ನಮಸ್ಕಾರ, ಸ್ವಲ್ಪ ಉದ್ದ ಆಗತ್ತೆ, ಮೊದ್ಲೇ ಹೇಳ್ಬಿಡ್ತೀನಿ. ಬಾಯಲ್ಲಿ ಹೇಳಿದ್ದನ್ನ ಫೋನೇ ಟೈಪ್ ಮಾಡ್ತಾ ಐತೆ, ಅಲ್ಲಲ್ಲಿ ಎಡವಟ್ಟಾಗಿದ್ರೆ ನೀವೇ ಸರಿ ಮಾಡ್ಕೊಂಡು ಓದ್ಕೊಳ್ಳಿ. ದೊಡ್ಡಮ್ಮ ಬೆಳಿಗ್ಗೆ ಹಾಕಿದ್ರಲ್ಲ ವಿಡಿಯೋ, ಬೋರ್‌ವೆಲ್ ನೀರಲ್ಲಿ ಆರ್ಸೆನಿಕ್ ಅಂತ ವಿಷ ಐತೆ, ಅಂಗೈ ಎಲ್ಲಾ ಗಂಟು ಗಂಟಾಗಿರೋ ಫೋಟೋ, ಕೊನೇಲಿ ತುಳಸಿ ಹಾಕಿ ಚೆನ್ನಾಗಿ ಕುದಿಸಿ ತಾಮ್ರದ ಬಿಂದಿಗೇಲಿ ಇಟ್ಟು ಕುಡೀರಿ ಅಂತ. ಅದಕ್ಕೆ ಚಿಕ್ಕಪ್ಪ, ಹಂಗಾದ್ರೆ ತೋಟದ ಬೋರು ಮುಚ್ಚಿಸಿಬಿಡೋಣ್ವಾ ಅಂತ ಕೇಳವ್ರೆ. ಅತ್ತೆ ಬೇರೆ ತಮ್ಮ ಅಂಗೈ ಫೋಟೋ ತೆಗೆದು ಹಾಕಿ ಇದೂ ಅದೇನಾ ಅಂತ. ನಾನು ನೀರು ಟೆಸ್ಟ್ ಮಾಡೋ ಲ್ಯಾಬಲ್ಲೇ ಕೆಲಸ ಮಾಡೋಳು, ಸುಮ್ನೆ ಥಂಬ್ಸ್ ಅಪ್ ಹಾಕಿ ಕೂತ್ಕೊಂಡ್ರೆ ಆಗಲ್ಲ ಅಂತ ಹೇಳ್ತಿದೀನಿ.

ಮೊದ್ಲು ಆ ಫೋಟೋ ವಿಷ್ಯ. ಫೋಟೋ ಸುಳ್ಳಲ್ಲ, ಕಾಯಿಲೆ ನಿಜವಾದ್ದೇ, ಆದ್ರೆ ಅದು ಬಂಗಾಳದ ಕಡೇದು. ಅಲ್ಲಿ ಏನಾಯ್ತು ಅಂದ್ರೆ ಮುಂಚೆ ಜನ ಕೆರೆ ಕುಂಟೆ ನೀರು ಕುಡೀತಿದ್ರು, ವಾಂತಿಭೇದಿ, ಕಾಲರಾ, ಮಕ್ಕಳು ಸಾಯೋವು. 1970ರ ದಶಕದಲ್ಲಿ ಬಾಂಗ್ಲಾದೇಶದಲ್ಲಿ ಯುನಿಸೆಫ್ ಮತ್ತೆ ಸರ್ಕಾರ ಸೇರ್ಕೊಂಡು ಕೊಳವೆಬಾವಿ ಹಾಕ್ಸೋಕೆ ಶುರು ಮಾಡಿದ್ರು, ಒಳ್ಳೇ ಕೆಲಸಾನೇ, ಕೈಪಂಪು ಒತ್ತಿದ್ರೆ ತಿಳಿ ನೀರು, ಭೇದಿ ಕಮ್ಮಿ ಆಯ್ತು, ಎಲ್ರೂ ಖುಷಿ. ಆ ನೀರಲ್ಲಿ ಆರ್ಸೆನಿಕ್ ಐತಾ ಅಂತ ಮಾತ್ರ ಯಾರೂ ನೋಡ್ಲಿಲ್ಲ. ನಮ್ಮ ಪಶ್ಚಿಮ ಬಂಗಾಳದಲ್ಲಿ 1983ರಲ್ಲಿ ಕೋಲ್ಕತ್ತಾದ ಕೆ.ಸಿ. ಸಾಹಾ ಅನ್ನೋ ಚರ್ಮದ ಡಾಕ್ಟ್ರು, ಹಳ್ಳಿಯಿಂದ ಬರೋ ಪೇಷಂಟ್‌ಗಳ ಮೈ ಮೇಲಿನ ಕಲೆ ನೋಡಿ ಇದು ನೀರಿಂದ ಅಂತ ಹಿಡಿದ್ರು. ಬಾಂಗ್ಲಾದೇಶದಲ್ಲಿ ಗೊತ್ತಾಗಿದ್ದು 1993ರಲ್ಲಿ. ಅಷ್ಟೊತ್ತಿಗೆ ಜನ ಎಷ್ಟು ವರ್ಷ ಕುಡಿದಿದ್ರು ನೀವೇ ಲೆಕ್ಕ ಹಾಕಿ. 2000ದಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಪತ್ರಿಕೇಲಿ ಬಂದ ಲೆಕ್ಕದ ಪ್ರಕಾರ ಅಲ್ಲಿನ ಹನ್ನೆರಡೂವರೆ ಕೋಟಿ ಜನರಲ್ಲಿ ಮೂರೂವರೆ ಕೋಟಿಯಿಂದ ಏಳು ಕೋಟಿ ಎಪ್ಪತ್ತು ಲಕ್ಷ ಜನಕ್ಕೆ ಅಪಾಯ ಅಂತ. ಇಷ್ಟು ದೊಡ್ಡ ಸಂಖ್ಯೆ ಜನಕ್ಕೆ ಒಟ್ಟಿಗೆ ವಿಷ ಹತ್ತಿದ್ದು ಚರಿತ್ರೇಲೇ ಇಲ್ಲ ಅಂತ ಅದರಲ್ಲೇ ಬರೆದವ್ರೆ.

ಈ ಆರ್ಸೆನಿಕ್ ಯಾರೋ ತಂದು ಸುರಿದಿದ್ದಲ್ಲ, ಫ್ಯಾಕ್ಟರೀದೂ ಅಲ್ಲ. ಹಿಮಾಲಯದಿಂದ ಗಂಗೆ ಬ್ರಹ್ಮಪುತ್ರ ಹೊತ್ಕೊಂಡು ಬಂದ ಮೆಕ್ಕಲು ಮಣ್ಣಲ್ಲೇ ಐತೆ, ತುಕ್ಕಿನಂಥ ಕಬ್ಬಿಣದ ಪುಡಿಗೆ ಅಂಟ್ಕೊಂಡು. ಕೆಳಗಡೆ ಗಾಳಿ ಆಡದ ಕಡೆ ಕೊಳೆತ ಸೊಪ್ಪು ಸದೆ ಇರತ್ತಲ್ಲ, ಅಲ್ಲಿರೋ ಬ್ಯಾಕ್ಟೀರಿಯಾ ಆ ಕಬ್ಬಿಣಾನ ಕರಗಿಸ್ದಾಗ ಆರ್ಸೆನಿಕ್ಕೂ ಬಿಟ್ಕೊಂಡು ನೀರಿಗೆ ಸೇರ್ಕೊಳ್ಳತ್ತೆ. ಅದಕ್ಕೇ ಅಲ್ಲಿ ಮೇಲಿನ ನೀರೇ ಕೆಟ್ಟಿದ್ದು, ಸಾಮಾನ್ಯವಾಗಿ ಐನೂರು ಅಡಿ ಇಳಿದ್ರೆ ನೀರು ಚೆನ್ನಾಗಿರತ್ತೆ. ಹಂಗಾಗಿ ಅಲ್ಲಿ ಎಕ್ಸ್‌ಪರ್ಟ್‌ಗಳು ಆಳಕ್ಕೆ ಕೊರೀರಿ ಅಂತ ಹೇಳ್ತಾರೆ. ಆ ಮಾತನ್ನ ಇಲ್ಲಿಗೆ ತಂದ್ರೆ ನಮ್ ಕಥೆ ಮುಗೀತು. ಚಿಕ್ಕಪ್ಪ, ಇದನ್ನ ಸರಿಯಾಗಿ ಕೇಳಿಸ್ಕೊಳ್ಳಿ.

ನಮ್ ಕಡೆ ಚಿಕ್ಕಬಳ್ಳಾಪುರ, ಕೋಲಾರ, ಆಕಡೆ ಪಾವಗಡ ಶಿರಾ ತನಕ, ಕೆಳಗಡೆ ಇರೋದು ಬಂಡೆ. ಮೆಕ್ಕಲು ಮಣ್ಣಲ್ಲ, ಗ್ರಾನೈಟ್ ಬಂಡೆ. ನೀರಿರೋದು ಬಂಡೆ ಬಿರುಕಲ್ಲಿ. ಆ ಬಂಡೇಲಿ ಹಲ್ಲು ಮೂಳೆ ಕೆಡಿಸೋ ಫ್ಲೋರೈಡ್ ಐತೆ, ಕೆಲವು ಕಡೆ ಯುರೇನಿಯಂ ಸಹ ಐತೆ, ನೀರು ಎಷ್ಟು ಹಳೇದಾಗಿ ಬಂಡೆ ಒಳಗೆ ಕೂತಿರತ್ತೋ ಅಷ್ಟು ಕರಗಿಸ್ಕೊಂಡಿರತ್ತೆ. ತಾತನ ಕಾಲದಲ್ಲಿ ಕಪಿಲೆ ಬಾವಿ ನೀರು, ವರ್ಷ ವರ್ಷ ಮಳೆ ಬಿದ್ದು ತುಂಬ್ಕೊಳ್ಳೋದು, ಹೊಸ ನೀರು. ಈಗ ಸಾವಿರ ಅಡಿ, ಸಾವಿರದ ಇನ್ನೂರು ಅಡಿ, ಸಾವಿರದ ಐನೂರು ಅಂತ ಹೋಗ್ತಾವ್ರೆ, ಅಲ್ಲಿ ಸಿಗೋದು ಎಂದೋ ಇಂಗಿದ ನೀರು. ಬಂಗಾಳದಲ್ಲಿ ಆಳಕ್ಕೆ ಹೋದ್ರೆ ಬಚಾವ್, ಇಲ್ಲಿ ಆಳಕ್ಕೆ ಹೋದಷ್ಟೂ ಸಾಮಾನ್ಯವಾಗಿ ತೊಂದ್ರೆ ಜಾಸ್ತಿ. ಬೋರ್ ಲಾರಿಯವನು ಇನ್ನೂ ಇನ್ನೂರು ಅಡಿ ಬಿಡೋಣ ಒಳ್ಳೇ ನೀರು ಸಿಗತ್ತೆ ಅಂದ್ರೆ ಜಾಸ್ತಿ ನೀರು ಸಿಗಬಹುದು, ಒಳ್ಳೇದು ಅನ್ನೋ ಗ್ಯಾರಂಟಿ ಅವನಿಗೇನು ಗೊತ್ತು.

ಹಂಗಂತ ಕರ್ನಾಟಕದಲ್ಲಿ ಆರ್ಸೆನಿಕ್ಕೇ ಇಲ್ಲ ಅಂತಲ್ಲ. ಯಾದಗಿರಿ ಜಿಲ್ಲೇಲಿ ಮಂಗಳೂರು ಅಂತ ಒಂದು ಹಳೇ ಚಿನ್ನದ ಗಣಿ ಜಾಗ ಐತೆ, ಮೀನು ತಿನ್ನೋ ಮಂಗಳೂರಲ್ಲ, ಬೇರೆ. ಅದರ ಹತ್ರ ಕಿರದಳ್ಳಿ ತಾಂಡಾ ಅಂತ. ಅಲ್ಲಿ ಜನಕ್ಕೆ ಬಂಗಾಳದ್ದೇ ಥರ ಅಂಗೈ ಅಂಗಾಲು ಗಂಟು, ಮೈ ಮೇಲೆ ಕಲೆ. ಜಾದವಪುರ ಯೂನಿವರ್ಸಿಟಿಯ ದೀಪಂಕರ್ ಚಕ್ರವರ್ತಿ ಅವ್ರ ತಂಡ ಬಂದು ಸ್ಟಡಿ ಮಾಡಿ 2013ರಲ್ಲಿ ಪಬ್ಲಿಷ್ ಮಾಡಿದ್ರು. ಅಲ್ಲಿ ಕಾರಣ ಚಿನ್ನದ ಅದಿರಿನ ಜೊತೆ ಇರೋ ಆರ್ಸೆನಿಕ್ ಖನಿಜ. ಅದಕ್ಕೇ ಕೆಜಿಎಫ್ ಭಾವ ನಮ್ ಕಡೆ ಹೆಂಗೆ ಅಂತ ಕೇಳಿದ್ದು ಸರಿಯಾದ ಪ್ರಶ್ನೇನೇ, ಗಾಬರಿ ಮಾತಲ್ಲ. ಗಣಿ ಮುಚ್ಚಿದ್ದು 2001 ಫೆಬ್ರವರಿಲಿ, ಆದ್ರೆ ಸೈನೈಡ್ ದಿಬ್ಬ, ಅಂದ್ರೆ ಚಿನ್ನ ತೆಗೆದು ಬಿಟ್ಟ ಅದಿರಿನ ಪುಡಿ ರಾಶಿ, ಎಲ್ಲಾ ಹಂಗೇ ಬಿದ್ದೈತಲ್ಲ, ಗಾಳಿ ಬಂದ್ರೆ ಧೂಳು ಮನೆಯೊಳಗೆ. ಚಿನ್ನ ಇದ್ದ ಕಡೆ ಎಲ್ಲಾ ಆರ್ಸೆನಿಕ್ ಇರತ್ತೆ ಅಂತ ರೂಲ್ ಇಲ್ಲ, ಒಂದೊಂದು ಗಣಿ ಅದಿರು ಒಂದೊಂದು ಥರ. ಭಾವ, ನಿಮ್ ಬೋರು ದಿಬ್ಬಕ್ಕೆ ಹತ್ರ ಇದ್ರೆ ಟೆಸ್ಟ್ ಕೊಡುವಾಗ ಆರ್ಸೆನಿಕ್ ಅಂತ ಬಾಯಿ ಬಿಟ್ಟು ಕೇಳಿ ಬರೆಸಿ, ಮಾಮೂಲಿ ಕುಡಿಯೋ ನೀರಿನ ಟೆಸ್ಟ್ ಅಂದ್ರೆ ಎಷ್ಟೋ ಕಡೆ ಅದನ್ನ ಮಾಡಲ್ಲ.

ಈಗ ಅತ್ತೆ ಅಂಗೈ. ಅತ್ತೆ, ಫೋಟೋ ಜೂಮ್ ಮಾಡಿ ನೋಡ್ದೆ. ನಿಮಗೆ ಜಡ್ಡು ಹಿಡಿದಿರೋದು ಬಲಗೈಲಿ, ಬೆರಳಿನ ಬುಡದಲ್ಲಿ, ಕುಡುಗೋಲು ಹಿಡಿಯೋ ಜಾಗದಲ್ಲೇ, ದಿನಾ ಹಿಪ್ಪುನೇರಳೆ ಸೊಪ್ಪು ಕೊಯ್ಯೋರಿಗೆ ಅದು ಬರದೇ ಇನ್ನೇನು ಬರತ್ತೆ. ಆರ್ಸೆನಿಕ್‌ದು ಹಂಗಿರಲ್ಲ, ಎರಡೂ ಅಂಗೈ, ಎರಡೂ ಅಂಗಾಲು, ಉಜ್ಜದೇ ಇರೋ ಜಾಗದಲ್ಲೂ ಸಣ್ಣ ಸಣ್ಣ ಗಟ್ಟಿ ಗಂಟು, ಕೈ ಆಡಿಸಿದ್ರೆ ಹರಳು ಹರಳಾಗಿ ಸಿಗತ್ತೆ. ಅದಕ್ಕೆ ಮುಂಚೆ ಎದೆ ಬೆನ್ನ ಮೇಲೆ ಕಪ್ಪು ಚುಕ್ಕೆ, ಮಧ್ಯೆ ಬಿಳಿ ಚುಕ್ಕೆ, ಧೂಳಿನ ಮೇಲೆ ಮಳೆಹನಿ ಬಿದ್ದಂಗೆ. ಇದು ಬರೋಕೂ ಸಾಮಾನ್ಯವಾಗಿ ಐದು ಹತ್ತು ವರ್ಷ ಅದೇ ನೀರು ಕುಡಿದಿರ್ಬೇಕು. ಆಮೇಲೆ ಅಸಲಿ ಭಯ ಚರ್ಮದ್ದಲ್ಲ, ಒಳಗಿಂದು. ಶ್ವಾಸಕೋಶ, ಮೂತ್ರಕೋಶ, ಚರ್ಮದ ಕ್ಯಾನ್ಸರ್, ಜೊತೆಗೆ ಹಾರ್ಟ್ ತೊಂದ್ರೆ. ಚಿಲಿ ದೇಶದಲ್ಲಿ ಆಂಟೊಫಗಾಸ್ಟಾ ಅಂತ ಒಂದು ಊರಿಗೆ 1958ರಿಂದ 1970ರ ತನಕ ಆರ್ಸೆನಿಕ್ ಜಾಸ್ತಿ ಇದ್ದ ನದಿ ನೀರು ಬಿಟ್ಟಿದ್ರು, ಆಮೇಲೆ ಫಿಲ್ಟರ್ ಪ್ಲಾಂಟ್ ಹಾಕಿ ಸರಿ ಮಾಡಿದ್ರು, ಆದ್ರೂ ಅಲ್ಲಿ ಕ್ಯಾನ್ಸರ್ ಇಪ್ಪತ್ತು ಮೂವತ್ತು ವರ್ಷ ಆದ್ಮೇಲೂ ಜಾಸ್ತೀನೇ ಇತ್ತು. ನೀರು ಬದಲಾಯಿಸಿದ ತಕ್ಷಣ ಲೆಕ್ಕ ಚುಕ್ತಾ ಆಗಲ್ಲ. ಇದಕ್ಕೆ ಅಂತ ಗ್ಯಾರಂಟಿ ಮಾತ್ರೇನೂ ಇಲ್ಲ, ಆ ನೀರು ನಿಲ್ಲಿಸ್ಬೇಕು, ಚೆನ್ನಾಗಿ ತಿನ್ಬೇಕು, ಬೇಳೆ ಕಾಳು ಮೊಟ್ಟೆ ಸೊಪ್ಪು. ಇನ್ನೊಂದು, ಇದು ಅಂಟುಜಾಡ್ಯ ಅಲ್ಲ. ಬಂಗಾಳದ ಹಳ್ಳೀಲಿ ಕುಷ್ಠ ಅಂದ್ಕೊಂಡು ಹೆಣ್ಮಕ್ಕಳನ್ನ ತವರಿಗೆ ಅಟ್ಟಿರೋದು, ಮದುವೆ ಮುರಿದಿರೋದು ಎಲ್ಲಾ ನಡೆದೈತೆ, ಥೂ ಅನ್ಸತ್ತೆ ಕೇಳಿದ್ರೆ. ಅತ್ತೆ, ಸಮಾಧಾನ ಆಗ್ಲಿಲ್ಲ ಅಂದ್ರೆ ಒಂದ್ಸಲ ಸ್ಕಿನ್ ಡಾಕ್ಟ್ರಿಗೆ ತೋರಿಸ್ಕೊಂಡ್ ಬನ್ನಿ, ಆದ್ರೆ ಅದಕ್ಕಿಂತ ಮುಂಚೆ ಮೊಮ್ಮಗನ ಹಲ್ಲು ನೋಡಿ. ಮುಂದಿನ ಹಲ್ಲಲ್ಲಿ ಸುಣ್ಣ ಬಳಿದಂಗೆ ಬಿಳಿ ಪಟ್ಟೆ, ಅದರ ಮೇಲೆ ಕಂದು ಗೆರೆ. ನೀವು ಸರಿಯಾಗಿ ಉಜ್ಜಲ್ಲ ಅಂತ ಅವನಿಗೆ ಬೈತೀರ, ಪಾಪ ಅವನದ್ದೇನೂ ತಪ್ಪಿಲ್ಲ. ಅದು ನೋಡಿದ್ರೆ ಫ್ಲೋರೈಡೇ ಅನ್ಸತ್ತೆ. ಹಲ್ಲು ಒಳಗೆ ಬೆಳೀತಿರೋ ವಯಸ್ಸಲ್ಲಿ, ಎಂಟು ವರ್ಷದೊಳಗೆ, ಆ ನೀರು ಕುಡಿದ್ರೆ ಬರತ್ತೆ, ಬಂದ್ಮೇಲೆ ಎಷ್ಟು ಪೇಸ್ಟ್ ಹಾಕಿ ಉಜ್ಜಿದ್ರೂ ಹೋಗಲ್ಲ. ದೊಡ್ಡೋರಿಗೆ ವರ್ಷಗಟ್ಟಲೆ ಕುಡಿದ್ರೆ ಮೂಳೆಗೆ ಇಳಿಯತ್ತೆ, ಕತ್ತು ತಿರುಗಲ್ಲ, ಸೊಂಟ ಬಗ್ಗಲ್ಲ, ಊರಲ್ಲಿ ವಾಯು ಅಂತಾರೆ ಎಲ್ಲದಕ್ಕೂ. ನಮ್ಮೋರು ಬಂಗಾಳದ ಅಂಗೈ ನೋಡಿ ಹೆದರ್ಕೊತಾರೆ, ಮನೇಲಿ ಊಟಕ್ಕೆ ಕೂತಿರೋ ಹುಡುಗನ ಬಾಯಿ ನೋಡಲ್ಲ, ನಂಗೆ ಸಿಟ್ಟು ಬರೋದು ಇದಕ್ಕೇ.

ತುಳಸಿ ಕುದಿಸೋದು. ಕುದಿಸಿದ್ರೆ ಸಾಯೋದು ಕ್ರಿಮಿ, ಆರ್ಸೆನಿಕ್ಕೂ ಫ್ಲೋರೈಡೂ ಕ್ರಿಮಿ ಅಲ್ಲ. ಎರಡು ಲೀಟರ್ ಇಟ್ಟು ಒಂದು ಲೀಟರ್‌ಗೆ ಇಂಗಿಸಿದ್ರೆ ನೀರಷ್ಟೇ ಆವಿ ಆಗಿರತ್ತೆ, ವಿಷ ಪೂರ್ತಿ ಒಂದು ಲೀಟರಲ್ಲೇ ಉಳ್ಕೊಂಡು ಡಬಲ್ ಆಗಿರತ್ತೆ. ತಾಮ್ರದ ಬಿಂದಿಗೆ, ಬಟ್ಟೆ ಸೋಸೋದು, ಕ್ಯಾಂಡಲ್ ಫಿಲ್ಟರ್, ಬರೀ ಯುವಿ ಲೈಟ್ ಇರೋ ಫಿಲ್ಟರ್, ಇದ್ಯಾವುದೂ ಇದಕ್ಕೆ ನಾಟಲ್ಲ. ಆರ್‌ಓ ಫಿಲ್ಟರ್ ತೆಗೆಯತ್ತೆ, ಅದರೊಳಗೆ ನೀರು ಸೋಸೋ ಪೊರೆ, ಮೆಂಬ್ರೇನ್ ಅಂತಾರಲ್ಲ, ಅದನ್ನ ಟೈಮಿಗೆ ಬದಲಾಯಿಸಿದ್ರೆ. ಆರ್ಸೆನಿಕ್ ಇರೋ ಕಡೆ ಆರ್‌ಓ ನೀರನ್ನೂ ಟೆಸ್ಟ್ ಮಾಡಿಸ್ಬೇಕು, ಆರ್ಸೆನಿಕ್ಕಲ್ಲಿ ಎರಡು ರೂಪ ಐತೆ, ಒಂದು ರೂಪ ಮೆಂಬ್ರೇನಲ್ಲಿ ಅಷ್ಟು ಸಲೀಸಾಗಿ ಸಿಕ್ಕಾಕ್ಕೊಳ್ಳಲ್ಲ. ಬಾಂಗ್ಲಾದೇಶದವರೇ ಆದ ಅಬುಲ್ ಹುಸ್ಸಾಮ್ ಅನ್ನೋ ವಿಜ್ಞಾನಿ ಕಬ್ಬಿಣದ ಚೂರು, ಮರಳು, ಇದ್ದಿಲು, ಇಟ್ಟಿಗೆ ಚೂರು ಹಾಕಿ ಬಕೆಟ್ಟಲ್ಲೇ ಒಂದು ಫಿಲ್ಟರ್ ಮಾಡಿದ್ರು, ಕರೆಂಟೇ ಬೇಡ, 2007ರಲ್ಲಿ ಹತ್ತು ಲಕ್ಷ ಡಾಲರ್ ಪ್ರೈಜ್ ಬಂತು ಅದಕ್ಕೆ. ಅದು ಆರ್ಸೆನಿಕ್‌ಗೆ, ನಮ್ ಫ್ಲೋರೈಡ್‌ಗೆ ಅಂತ ತಂದಿಟ್ಕೋಬೇಡಿ.

ಆಮೇಲೆ ಚಿಕ್ಕಮ್ಮನ ಮನೆಗೆ ಬಂದಿದ್ನಲ್ಲ ಫಿಲ್ಟರ್ ಮಾರೋ ಹುಡುಗ, ಎರಡು ಲೋಟದಲ್ಲಿ ನೀರು ಇಟ್ಟು, ಒಂದು ನಮ್ ಬೋರಿಂದು ಒಂದು ಅವನ್ ಫಿಲ್ಟರಿಂದು, ಕರೆಂಟಿನ ಕಡ್ಡಿ ಇಳಿಬಿಟ್ಟು, ಎರಡೇ ನಿಮಿಷಕ್ಕೆ ನಮ್ ಲೋಟ ಕೆಸರು ಬಣ್ಣಕ್ಕೆ ತಿರುಗಿ ಎಲ್ರೂ ಅಯ್ಯೋ ಅಂದ್ವಿ. ಆ ಬಣ್ಣ ನೀರಿಂದಲ್ಲ ಕಣ್ರೀ, ಕಡ್ಡೀದು! ಕಬ್ಬಿಣದ ಕಡ್ಡಿ, ನೀರಲ್ಲಿ ಉಪ್ಪಿನಂಶ ಇದ್ರೆ ಕರೆಂಟ್ ಹರಿದು ಕಡ್ಡೀನೇ ಕರಗಿ ತುಕ್ಕು ಬಿಡತ್ತೆ, ಆರ್‌ಓ ನೀರಲ್ಲಿ ಉಪ್ಪು ಕಮ್ಮಿ ಅದಕ್ಕೆ ಹಂಗಾಗಲ್ಲ. ಆರ್‌ಓ ನೀರಿಗೆ ಒಂದು ಚಿಟಿಕೆ ಅಡುಗೆ ಉಪ್ಪು ಹಾಕಿ ಮತ್ತೆ ಕಡ್ಡಿ ಇಡು ಅನ್ನಿ, ಅವನ ಮುಖ ನೋಡ್ಬೇಕು ಆವಾಗ. ಟಿಡಿಎಸ್ ಮೀಟರೂ ಅಷ್ಟೇ, ಅದು ಒಟ್ಟು ಉಪ್ಪಿನಂಶದ ಲೆಕ್ಕ. ಆರ್ಸೆನಿಕ್ ಲಿಮಿಟ್ ಎಷ್ಟು ಗೊತ್ತಾ, ಒಂದು ಲೀಟರ್‌ಗೆ 0.01 ಮಿಲಿಗ್ರಾಂ, ವಿಶ್ವ ಆರೋಗ್ಯ ಸಂಸ್ಥೇದೂ ಅದೇ, ನಮ್ ದೇಶದ ಮಾನದಂಡ ಸಂಸ್ಥೆ ಬಿಐಎಸ್‌ದೂ ಅದೇ. ಅಂದ್ರೆ ಸಾವಿರ ಲೀಟರ್ ಸಿಂಟೆಕ್ಸ್ ಟ್ಯಾಂಕಿಗೆ 10 ಮಿಲಿಗ್ರಾಂ, ಒಂದು ಚಿಟಿಕೆ ಉಪ್ಪಿಗಿಂತ ಎಷ್ಟೋ ಕಮ್ಮಿ. ಟಿಡಿಎಸ್ ಮೀಟರಿಗೆ ಇದು ಕಾಣ್ಸೋದೇ ಇಲ್ಲ. ಬಣ್ಣ ಇಲ್ಲ, ವಾಸನೆ ಇಲ್ಲ, ರುಚಿ ಇಲ್ಲ. ಫ್ಲೋರೈಡ್‌ಗೆ ಲಿಮಿಟ್ 1 ಮಿಲಿಗ್ರಾಂ, ಬೇರೆ ನೀರೇ ಇಲ್ಲ ಅಂದ್ರೆ 1.5ರ ತನಕ. ಅದೂ ಕಣ್ಣಿಗೆ ಕಾಣಲ್ಲ.

ಇದಕ್ಕಿಂತ ಮುಖ್ಯವಾದ್ದು ಇನ್ನೊಂದು, ಹೆಂಗಸರು ದಯವಿಟ್ಟು ಕೇಳಿ. ನಮ್ಮನೇಲೆಲ್ಲಾ ಈಗ ಶುದ್ಧ ನೀರಿನ ಘಟಕದಲ್ಲಿ ಕಾಯಿನ್ ಹಾಕಿ ಇಪ್ಪತ್ತು ಲೀಟರ್ ಕ್ಯಾನ್ ತರ್ತೀವಿ, ಕುಡಿಯೋಕೆ ಅಂತ. ಸರಿ. ಮುದ್ದೆಗೆ ಎಸರು ಯಾವ ನೀರಲ್ಲಿ ಇಡ್ತೀರಾ? ನಲ್ಲಿ ನೀರು, ಅಂದ್ರೆ ಅದೇ ಬೋರ್ ನೀರು. ಸಾರು? ನಲ್ಲಿ. ಅನ್ನ, ಕಾಫಿ? ಕುದಿಯತ್ತಲ್ಲ ಬಿಡು ಅಂತ ನಲ್ಲಿ. ಒಂದು ಹೊತ್ತಿನ ಮುದ್ದೆ ಸಾರಲ್ಲಿ ಎಷ್ಟು ನೀರು ಒಳಗೆ ಹೋಗತ್ತೆ ಯೋಚ್ನೆ ಮಾಡಿ, ಮುದ್ದೇಲಿ ಅರ್ಧಕ್ಕಿಂತ ಜಾಸ್ತಿ ನೀರೇ, ಅದನ್ನ ಬಸಿಯೋದೂ ಇಲ್ಲ. ಕ್ಯಾನ್ ತಂದೂ ಅರ್ಧ ವಿಷ ಹೊಟ್ಟೆಗೇ. ಬಂಗಾಳದಲ್ಲೂ ಇದೇ, ಅವ್ರಿಗೆ ಅನ್ನ, ಅದೇ ನೀರಲ್ಲಿ ಗದ್ದೆ ಬೆಳೆದು ಅದೇ ನೀರಲ್ಲಿ ಬೇಯಿಸಿ ಎರಡು ಕಡೆಯಿಂದ ಹೊಡೆತ. ಸ್ನಾನ, ಬಟ್ಟೆ, ಪಾತ್ರೆ, ದನ ತೊಳೆಯೋದು ಎಲ್ಲಾ ಬೋರ್ ನೀರಲ್ಲೇ ಮಾಡಿ, ಚರ್ಮದಿಂದ ಒಳಗೆ ಹೋಗೋದು ತೀರಾ ಕಮ್ಮಿ. ಕುಡಿಯೋಕೂ ಅಡುಗೆಗೂ ಕ್ಯಾನ್ ನೀರೇ ಇರ್ಲಿ.

ಚಿಕ್ಕಪ್ಪ, ಹಂಗಾಗಿ ಬೋರು ಮುಚ್ಚಿಸೋ ಮಾತು ಬಿಡಿ, ಮೊದ್ಲು ಟೆಸ್ಟ್. ಪಕ್ಕದ ತೋಟದವ್ರ ರಿಪೋರ್ಟ್ ಚೆನ್ನಾಗಿ ಬಂದೈತೆ ನಮ್ದೂ ಚೆನ್ನಾಗೇ ಇರತ್ತೆ ಅಂತ ಇಲ್ಲ, ಒಂದೊಂದು ಬೋರೂ ಬೇರೆ. ಬಾಂಗ್ಲಾದೇಶದಲ್ಲಿ ಒಂದೇ ಬೀದೀಲಿ ಒಂದು ಪಂಪಿಗೆ ಕೆಂಪು ಬಣ್ಣ, ಪಕ್ಕದ ಪಂಪಿಗೆ ಹಸಿರು ಬಣ್ಣ ಬಳಿದಿದ್ರು, ಕೆಂಪಂದ್ರೆ ಕುಡೀಬೇಡಿ ಅಂತ. ನಮ್ ಪಂಚಾಯ್ತೀಲೂ ಅಲ್ಲೇ ನೀರು ಟೆಸ್ಟ್ ಮಾಡೋ ಫೀಲ್ಡ್ ಕಿಟ್ ಇರತ್ತೆ, ಜಲ ಜೀವನ್ ಮಿಷನ್ ಬಂದ್ಮೇಲೆ ಊರಿಗೆ ಐದು ಜನ ಹೆಣ್ಮಕ್ಕಳಿಗೆ ಟ್ರೈನಿಂಗ್ ಕೊಡ್ಬೇಕು ಅಂತ ಐತೆ, ನೀರುಗಂಟಿನೋ ಪಿಡಿಓನೋ ಕೇಳಿ, ಫ್ಲೋರೈಡ್ ಅಲ್ಲೇ ಬಣ್ಣ ನೋಡಿ ಹೇಳ್ತಾರೆ. ಆರ್ಸೆನಿಕ್, ಯುರೇನಿಯಂ ಎಲ್ಲಾ ಲ್ಯಾಬ್‌ಗೇ ಬರ್ಬೇಕು. ನೀರಿನ ಘಟಕದಲ್ಲೂ ಕಾಯಿನ್ ಹಾಕಿ ಬರೋದಲ್ಲ, ರಿಪೋರ್ಟ್ ತೋರ್ಸಿ, ಮೆಂಬ್ರೇನ್ ಯಾವಾಗ ಬದಲಾಯಿಸಿದ್ರಿ ಅಂತ ಕೇಳಿ, ಕೇಳೋರಿಲ್ಲ ಅಂತಾನೇ ಅವ್ರೂ ಆರಾಮಾಗವ್ರೆ.

ಸ್ಯಾಂಪಲ್ ಹೆಂಗೆ ತರೋದು ಅಂದ್ರೆ, ಮೋಟ್ರು ಹಾಕಿ ಹತ್ತು ನಿಮಿಷ ನೀರು ಹೋಗಕ್ ಬಿಡಿ, ಆಮೇಲೆ ಪೈಪಿನ ಬಾಯಲ್ಲೇ ಹಿಡೀರಿ, ಟ್ಯಾಂಕಿಂದು ಬೇಡ, ತೊಟ್ಟೀದು ಬೇಡ. ಸ್ಪ್ರೈಟ್ ಬಾಟ್ಲು, ಎಣ್ಣೆ ಬಾಟ್ಲು ತರ್ಬೇಡಿ, ಗಾಜಿಂದೂ ಬೇಡ. ನಾನು ಎರಡೆರಡು ಪ್ಲಾಸ್ಟಿಕ್ ಬಾಟ್ಲು ಕೊಡ್ತೀನಿ. ಒಂದರ ತಳದಲ್ಲಿ ಒಂದೆರಡು ಹನಿ ಆಸಿಡ್ ಇರತ್ತೆ, ಅದು ಲೋಹದ ಟೆಸ್ಟಿಗೆ, ಅದನ್ನ ತೊಳೀಬೇಡಿ, ಮಕ್ಕಳ ಕೈಗೆ ಕೊಡ್ಬೇಡಿ. ಇನ್ನೊಂದನ್ನ ಅದೇ ನೀರಲ್ಲಿ ಮೂರು ಸಲ ಕುಲುಕಿ ಚೆಲ್ಲಿ ತುಂಬಿಸಿ, ಅದು ಫ್ಲೋರೈಡ್ ನೈಟ್ರೇಟ್‌ಗೆ. ಮೇಲೆ ಯಾರ ಬೋರು, ಎಷ್ಟು ಅಡಿ, ಯಾವ ದಿನ ಅಂತ ಬರೆದು ಅಂಟ್ಸಿ. ಈ ಭಾನುವಾರ ಚಿಂತಾಮಣಿ ಕಡೆಯಿಂದ ಊರಿಗೆ ಹೋಗೋರು ಯಾರಾದ್ರೂ ಇದ್ರೆ ಗ್ರೂಪಲ್ಲೇ ಹೇಳಿ, ಬಾಟ್ಲು ಅವ್ರ ಕೈಲಿ ಕಳಿಸ್ತೀನಿ.